ಒಂದೇ ಚುಕ್ಕಿ ಕಂಡರೆ ಮಾನೋಸೋಮಿಯೇ?

12 ಆಗಸ್ಟ್ 2023, ಶನಿವಾರ

ಮಾದರಿ: ಶವಪರೀಕ್ಷೆಯಲ್ಲಿ ತೆಗೆದ ಮಿದುಳು, ಮುಂಭಾಗದ ಕಾರ್ಟೆಕ್ಸ್ (ಹೊರಪದರ). ಪರೀಕ್ಷೆ: ಫಿಶ್, ಅಂದರೆ ವರ್ಣತಂತುವಿನ ಗೊತ್ತಾದ ಜಾಗಕ್ಕೆ ಹೊಳೆಯುವ ಡಿಎನ್‌ಎ ತುಣುಕು (ಪ್ರೋಬ್) ಅಂಟಿಸಿ ಚುಕ್ಕಿ ಎಣಿಸುವುದು. ಹುಡುಕುತ್ತಿರುವುದು 21ನೇ ವರ್ಣತಂತು ಹೆಚ್ಚು-ಕಡಿಮೆಯಾದ ನರಕೋಶಗಳನ್ನು. ಎರಡರ ಬದಲು ಒಂದೇ ಪ್ರತಿ ಇದ್ದರೆ ಅದು ಮಾನೋಸೋಮಿ.

ಮೈಕ್ರೋಸ್ಕೋಪಿನ ಮುಂದೆ ಕೂರುವ ಮೊದಲು ಒಂದು ಲೆಕ್ಕ. ಪ್ರೋಬ್ ತನ್ನ ಜಾಗಕ್ಕೆ ಅಂಟಿ ಹೊಳೆಯುವ ಸಾಧ್ಯತೆ ಶೇ. 95 ಎಂದಿಟ್ಟುಕೊಳ್ಳೋಣ. ಕೆಟ್ಟ ಪ್ರೋಬೇನಲ್ಲ. ಆದರೂ ಎರಡೂ ಪ್ರತಿಗಳಿರುವ 1000 ನ್ಯೂಕ್ಲಿಯಸ್‌ಗಳಲ್ಲಿ ಎರಡು ಚುಕ್ಕಿ ಕಾಣುವುದು ಸುಮಾರು 902ರಲ್ಲಿ, 95ರಲ್ಲಿ ಒಂದೇ. ಒಂದು ವರ್ಣತಂತುವೂ ಕಳೆದುಹೋಗದೆ ಶೇ. 9.5ರಷ್ಟು ಮಾನೋಸೋಮಿ ಪುಕ್ಕಟೆ! ಹಾಗಾಗಿ ಮೂರು ಚುಕ್ಕಿಯನ್ನು ನಂಬುವಷ್ಟು ಸುಲಭವಾಗಿ ಒಂದು ಚುಕ್ಕಿಯನ್ನು ನಂಬಬಾರದು.

ಅದೇ ವರ್ಣತಂತುವಿನ ಇನ್ನೊಂದು ಜಾಗಕ್ಕೆ ಬೇರೆ ಬಣ್ಣದ ಪ್ರೋಬ್ ಹಾಕಿ, ಎರಡೂ ಬಣ್ಣ ಒಂದೊಂದೇ ಇದ್ದಾಗ ಮಾತ್ರ ಎಣಿಸಿದರೆ ಆ 95 ಸುಮಾರು 9ಕ್ಕೆ ಇಳಿಯುತ್ತದೆ. ಮೂರನೇ ಬಣ್ಣ ಬೇರೊಂದು ವರ್ಣತಂತುವಿಗೆ. 21ರಂತೆ ಅದೂ ನಾಲ್ಕು ಕಂಡರೆ ಅದು ಟೆಟ್ರಾಪ್ಲಾಯ್ಡಿ (ಎಲ್ಲ ವರ್ಣತಂತುವೂ ನಾಲ್ಕು ನಾಲ್ಕು ಇರುವುದು), ಇಲ್ಲವೇ ಒಂದರ ಮೇಲೊಂದು ಕೂತ ಎರಡು ನ್ಯೂಕ್ಲಿಯಸ್. 21ಕ್ಕೆ ಸೆಂಟ್ರೊಮಿಯರ್ (ವರ್ಣತಂತುವಿನ ಸೊಂಟ) ಪ್ರೋಬ್ ಬೇಡವೇ ಬೇಡ: 13 ಮತ್ತು 21ರ ಆಲ್ಫಾ ಸ್ಯಾಟಲೈಟ್ (ಅಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ) ಹೆಚ್ಚುಕಡಿಮೆ ಒಂದೇ ಆದ್ದರಿಂದ ನಾಲ್ಕು ಚುಕ್ಕಿ ಬರುತ್ತವೆ. ಉದ್ದ ತೋಳಿನ ಪ್ರೋಬ್ ತೆಗೆದುಕೊಳ್ಳಬೇಕು.

ಪ್ಯಾರಾಫಿನ್ ಸೆಕ್ಷನ್‌ನಲ್ಲಿ (ಮೇಣದಲ್ಲಿ ಹುದುಗಿಸಿ ಕೊಯ್ದ ತೆಳು ಪದರ) ಈ ಉಪಾಯವೂ ಕೈಕೊಡುತ್ತದೆ. ಸೆಕ್ಷನ್ 5 ಮೈಕ್ರಾನ್. ದೊಡ್ಡ ನರಕೋಶದ ನ್ಯೂಕ್ಲಿಯಸ್ 10 ಮೈಕ್ರಾನ್‌ಗೂ ಹೆಚ್ಚು. ಬ್ಲೇಡು ಎರಡು ಬಣ್ಣಗಳನ್ನೂ ಒಟ್ಟಿಗೇ ಕತ್ತರಿಸಿ ಒಯ್ಯುತ್ತದೆ. ಅದಕ್ಕೇ ಹೆಪ್ಪುಗಟ್ಟಿಸಿದ ಅಂಗಾಂಶ ಬೇಕು. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಶುರುವಾದಂಥ ಮಿದುಳು ಬ್ಯಾಂಕುಗಳ ಬೆಲೆ ಇಲ್ಲಿ ತಿಳಿಯುತ್ತದೆ. ಐಸ್ ಮೇಲೆ, ಶೇ. 0.1 ಟ್ರೈಟಾನ್ (ಕೋಶದ ಪೊರೆ ಕರಗಿಸುವ ಮಾರ್ಜಕ) ಇರುವ ಬಫರ್‌ನಲ್ಲಿ ಡೌನ್ಸ್ ಎಂಬ ಗಾಜಿನ ಅರೆಯುವ ಕೊಳವೆಯಿಂದ ಮೆಲ್ಲಗೆ ಅರೆದು, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ನ್ಯೂ-ಎನ್ ಪ್ರತಿಕಾಯ ಹಚ್ಚಿ ನರಕೋಶದ ನ್ಯೂಕ್ಲಿಯಸ್‌ಗಳನ್ನು ಸಾರ್ಟರ್‌ನಲ್ಲಿ ಬೇರ್ಪಡಿಸಬೇಕು. ಆಮೇಲೆ ಮೆಥನಾಲ್–ಅಸಿಟಿಕ್ ಆಮ್ಲ 3:1, ಸ್ಲೈಡ್ ಮೇಲೆ ಹನಿ.

ಪೆಪ್ಸಿನ್ (ಪ್ರೋಟೀನ್ ಕರಗಿಸುವ ಕಿಣ್ವ) ಕಡಿಮೆಯಾದರೆ ಪ್ರೋಬ್ ಒಳಗೆ ಇಳಿಯದು. ಹೆಚ್ಚಾದರೆ ಡಾಪಿಯಲ್ಲಿ (ಡಿಎನ್‌ಎಗೆ ಹಚ್ಚುವ ನೀಲಿ ಬಣ್ಣ) ನ್ಯೂಕ್ಲಿಯಸ್ ನಡುವೆ ಪೊಳ್ಳಾಗಿ ಅಂಚು ಮಾತ್ರ ಉಳಿಯುತ್ತದೆ. ತೊಳೆಯುವುದು 0.4× ಎಸ್‌ಎಸ್‌ಸಿ ಉಪ್ಪಿನ ದ್ರಾವಣದಲ್ಲಿ, 73 ಡಿಗ್ರಿ, 2 ನಿಮಿಷ. ಥರ್ಮಾಮೀಟರ್ ಜಾರ್ ಒಳಗೇ ಇರಲಿ, ವಾಟರ್ ಬಾತ್ ತೋರಿಸುವ ಅಂಕಿ ಸಾಲದು. ಒಂದೇ ಸಲ ಹೆಚ್ಚು ಸ್ಲೈಡ್ ಇಳಿಸಿದರೆ ಬಿಸಿ ಇಳಿದು ಹಿನ್ನೆಲೆಯೆಲ್ಲ ಹೊಳೆಯುತ್ತದೆ.

ವಯಸ್ಸಾದವರ ಮಿದುಳಿನಲ್ಲಿ ಇನ್ನೊಂದು ಕಾಟ ಲಿಪೋಫಸಿನ್, ವಯಸ್ಸಿನೊಂದಿಗೆ ಕೋಶದಲ್ಲಿ ಸೇರಿಕೊಳ್ಳುವ, ತಾನೇ ಹೊಳೆಯುವ ವಸ್ತು. ನ್ಯೂಕ್ಲಿಯಸ್‌ಗೆ ಅಂಟಿಕೊಂಡು ಬಂದ ಇದರ ಕಣ ಥೇಟ್ ಮೂರನೇ ಚುಕ್ಕಿಯಂತೆ ಕಾಣುತ್ತದೆ. ಆದರೆ ಅದು ಹಸಿರು, ಕೆಂಪು ಎರಡರಲ್ಲೂ ಒಂದೇ ಜಾಗದಲ್ಲಿ, ಪ್ರೋಬೇ ಇಲ್ಲದ ಫಿಲ್ಟರ್‌ನಲ್ಲೂ ಹೊಳೆದು ಸಿಕ್ಕಿಬೀಳುತ್ತದೆ. ಎರಡು ಪ್ರತಿಗಳು ಒಂದಕ್ಕೊಂದು ತಾಗಿ ಒಂದೇ ಚುಕ್ಕಿಯಾದಾಗ ಬೆಳಕಿನ ತೀವ್ರತೆ ಅಳೆಯಬೇಕು. ಮಾಸ್ಕೋದ ಯೂರೋವ್, ವೊರ್ಸನೋವಾ ಗುಂಪಿನವರು ಮಿದುಳಿನಲ್ಲಿ ಇದನ್ನೇ ಮಾಡಿದ್ದು. ಅರ್ಧ ತೀವ್ರತೆ ಇದ್ದರೆ ಪ್ರತಿ ನಿಜಕ್ಕೂ ಒಂದೇ.

ಹಳೆಯ ಅಂಕಿಗಳನ್ನು ಈ ಕಣ್ಣಿನಿಂದಲೇ ಓದಬೇಕು. ಇಲಿ ಭ್ರೂಣದ ಕಾರ್ಟೆಕ್ಸ್‌ನಲ್ಲಿ ವರ್ಣತಂತುಗಳ ಸಂಖ್ಯೆ ಹೆಚ್ಚು-ಕಡಿಮೆಯಾದ ಕೋಶಗಳು ಶೇ. 33 ಎಂದು 2001ರ ವರದಿ. ಮನುಷ್ಯರ ಮಿದುಳಿನಲ್ಲಿ 21ನೆಯದು ಶೇ. 4ರ ಆಸುಪಾಸು ಎಂದು 2005ರಲ್ಲಿ. 2014ರಲ್ಲಿ ಒಂದೊಂದೇ ಕೋಶದ ಸೀಕ್ವೆನ್ಸಿಂಗ್ ಮಾಡಿದಾಗ ಎಲ್ಲ ವರ್ಣತಂತು ಸೇರಿಯೇ ಶೇ. 2ರ ಹತ್ತಿರ. ಭ್ರೂಣಕ್ಕೂ ವಯಸ್ಕರಿಗೂ ವ್ಯತ್ಯಾಸ ಇದ್ದದ್ದೇ, ಆದರೆ ಇಷ್ಟು ದೊಡ್ಡ ಅಂತರದಲ್ಲಿ ವಿಧಾನದ ಪಾಲೂ ಇದೆ ಎಂಬುದು ನಮ್ಮ ಅಭಿಪ್ರಾಯ.

ಸೋಮವಾರಕ್ಕೆ: ಪುರುಷರ ಮಾದರಿಯಲ್ಲಿ ಎಕ್ಸ್ ಪ್ರೋಬ್. ಅಲ್ಲಿ ಇರಬೇಕಾದದ್ದೇ ಒಂದು ಚುಕ್ಕಿ. ಸೊನ್ನೆ ಎಷ್ಟು ಬರುತ್ತದೋ, ಈ ಅಂಗಾಂಶದಲ್ಲಿ ಫಿಶ್ ತಪ್ಪುವ ಪ್ರಮಾಣ ಹೆಚ್ಚುಕಡಿಮೆ ಅಷ್ಟು. ಆ ಅಂಕಿ ಕೈಗೆ ಬಂದ ಮೇಲೆಯೇ 21ರ ಎಣಿಕೆ.