ಇವತ್ತಿನ ಕೋಪ, ಹತ್ತು ವರ್ಷದ ಮೇಲಿನ ವೋಟು

ಜೂನ್ 22, 2024, ಶನಿವಾರ
ಗ್ಲೆನ್ ಆಲೆನ್, ವರ್ಜೀನಿಯಾ

ಈ ವಾರ ಪೂರ್ತಿ ವಲಸೆಯದ್ದೇ ಸುದ್ದಿ. ಮಂಗಳವಾರ ಬೈಡನ್ ಹೊಸ ಘೋಷಣೆ ಮಾಡಿದರು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ, ಹತ್ತು ವರ್ಷದಿಂದ ಕಾಗದಪತ್ರ ಇಲ್ಲದೆ ಇಲ್ಲೇ ಇರುವವರು ಇನ್ನು ದೇಶ ಬಿಟ್ಟು ಹೋಗದೆಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದಂತೆ. ಸುಮಾರು 5 ಲಕ್ಷ ಜನಕ್ಕೆ ಅನುಕೂಲ ಅಂತ ಸರ್ಕಾರದ ಲೆಕ್ಕ. ಇದೇ ಬೈಡನ್ ಜೂನ್ 4ರಂದು ಮೆಕ್ಸಿಕೋ ಗಡಿಯಲ್ಲಿ ಆಶ್ರಯ ಕೇಳಿ ಬರುವವರಿಗೆ ಬಾಗಿಲು ಹಾಕಿದ್ದರು. ದಿನಕ್ಕೆ ಸರಾಸರಿ 2,500 ಜನ ದಾಟಿದರೆ ಆಶ್ರಯ ಬಂದ್, ಅಷ್ಟೇ. ಗುರುವಾರ ಟ್ರಂಪ್ ಸರದಿ. ಒಂದು ಪಾಡ್‌ಕಾಸ್ಟ್‌ನಲ್ಲಿ ಕೂತು, ಇಲ್ಲಿ ಕಾಲೇಜು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಡಿಗ್ರಿ ಜೊತೆಗೇ ಗ್ರೀನ್ ಕಾರ್ಡ್ ಕೊಡಬೇಕು ಅಂದುಬಿಟ್ಟರು. ಕೆಲವೇ ಗಂಟೆಯಲ್ಲಿ ಅವರ ಪ್ರಚಾರದವರು ಅದಕ್ಕೆ ಷರತ್ತು ಮೇಲೆ ಷರತ್ತು ಸೇರಿಸಿ ಚಿಕ್ಕದು ಮಾಡಿದರು. ಆದರೆ ಅಷ್ಟರಲ್ಲಿ ಆ ಕ್ಲಿಪ್ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿ ಆಗಿತ್ತು.

ಇವತ್ತು ಮಧ್ಯಾಹ್ನ ಪಾರ್ಕಿನಲ್ಲಿ ಕನ್ನಡದವರ ಪಿಕ್ನಿಕ್. ಬಿಸಿಲು ಅಂದರೆ ಬಿಸಿಲು. ಮರದ ಕೆಳಗೆ ಚಿತ್ರಾನ್ನದ ಟ್ರೇ ತೆಗೆಯುವ ಮೊದಲೇ ಮಾತು ಅಲ್ಲಿಗೆ ಹೋಯಿತು. ಹಾಸನದ ಕಡೆಯ ಒಬ್ಬ ಹುಡುಗ, ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವನು, ಕಿಡಿಕಿಡಿಯಾಗಿದ್ದ. "ನಾವು ಟ್ಯಾಕ್ಸ್ ಕಟ್ಕೊಂಡು ಲೈನಲ್ಲಿ ನಿಂತಿದೀವಿ. ಬೇಲಿ ಹಾರಿ ಬಂದೋರಿಗೆ ಮೊದಲು ಕೊಡ್ತಾರೆ. ಏನು ನ್ಯಾಯ ಮೇಡಂ ಇದು?"

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಟ್ಟೆ ಕೆಳಗಿಟ್ಟರು. ತೊಂಬತ್ತರ ದಶಕದಲ್ಲಿ ಬಂದು ಇಲ್ಲಿನ ಪ್ರಜೆಯಾದವರು. "ಸುಮ್ನಿರಪ್ಪಾ. ಪ್ರಜೆಯ ಗಂಡ ಹೆಂಡತಿಗೆ ಕೋಟಾನೇ ಇಲ್ಲ. ಅವರು ನಿನ್ನ ಲೈನಿಗೆ ಬರೋದೇ ಇಲ್ಲ. ನಿನ್ನ ಲೈನ್ ಉದ್ದ ಆಗಿರೋದು ಒಂದು ದೇಶಕ್ಕೆ ನೂರಕ್ಕೆ ಏಳೇ ಗ್ರೀನ್ ಕಾರ್ಡ್ ಅನ್ನೋ ಮಿತಿಯಿಂದ. ಅದನ್ನ ತೆಗೀಬೇಕು ಅಂತ 2013ರ ಮಸೂದೆಯಲ್ಲಿ ಇತ್ತು, ಗೊತ್ತಾ?"

ಹುಡುಗನಿಗೆ ಗೊತ್ತಿರಲಿಲ್ಲ. ಆಗ ಅವನು ಇನ್ನೂ ಹೈಸ್ಕೂಲು.

ಹಿರಿಯರು ಹೇಳಿದ್ದು ನಿಜ. 2013ರಲ್ಲಿ ಎಂಟು ಜನ ಸೆನೆಟರ್‌ಗಳು ಸೇರಿ ಮಸೂದೆ ತಂದಿದ್ದರು. ಮೆಕೇನ್, ಗ್ರಹಾಂ, ರೂಬಿಯೊ, ಫ್ಲೇಕ್ ರಿಪಬ್ಲಿಕನ್ ಕಡೆಯಿಂದ. ಶೂಮರ್, ಡರ್ಬಿನ್, ಮೆನೆಂಡೆಜ್, ಬೆನೆಟ್ ಡೆಮಾಕ್ರಟಿಕ್ ಕಡೆಯಿಂದ. ಕಾಗದಪತ್ರ ಇಲ್ಲದವರಿಗೆ 13 ವರ್ಷದ ದಾರಿ, ಕೊನೆಗೆ ಪೌರತ್ವ. ಜೊತೆಗೆ ಗಡಿಗೆ ಸಾವಿರಾರು ಕಾವಲುಗಾರರು. ಅದರೊಳಗೇ, ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ರದ್ದು. ಸೆನೆಟ್‌ನಲ್ಲಿ 68-32ರಲ್ಲಿ ಪಾಸಾಯಿತು. ಕೆಳಮನೆಯಾದ ಹೌಸ್‌ನಲ್ಲಿ ಮತಕ್ಕೇ ಬರಲಿಲ್ಲ. ನಮ್ಮವರು "ಆಮ್ನೆಸ್ಟಿ" (ಅಕ್ರಮವಾಗಿ ಇರುವವರಿಗೆ ಕ್ಷಮಾದಾನ) ಅಂತ ಬೈದ ಮಸೂದೆಯ ಜೊತೆಗೇ ನಮ್ಮವರ ಸರದಿಯೂ ಮುಳುಗಿತು. ಕೆಲಸದ ಮೇಲೆ ಕಾಯುವ ಭಾರತದವರಲ್ಲಿ 2024ರ ಈ ಹೊತ್ತಿಗೆ ಗ್ರೀನ್ ಕಾರ್ಡ್ ಸಿಗುತ್ತಿರುವುದು ಹೆಚ್ಚಾಗಿ 2012ರಲ್ಲಿ ಸಾಲು ಹಿಡಿದವರಿಗೆ.

ಆ ಹುಡುಗನ ಸಿಟ್ಟು ನನಗೆ ಅರ್ಥವಾಗದ್ದಲ್ಲ. ಬೆಂಗಳೂರಲ್ಲಿ ಅಕ್ರಮ-ಸಕ್ರಮ ಅಂದಾಗ ಪ್ಲಾನ್ ಪ್ರಕಾರ ಜಾಗ ಬಿಟ್ಟು ಮನೆ ಕಟ್ಟಿದವರಿಗೆ ಬರುವ ಸಿಟ್ಟು ಇದೇ ತಾನೇ? ನಿಯಮ ಪಾಲಿಸಿದವನೇ ಪೆದ್ದನಾದ ಅಂತ. ಅಮೆರಿಕದಲ್ಲಿ ಚುನಾವಣೆ ತಿರುಗುವುದೂ ಈ ಸಿಟ್ಟಿನ ಮೇಲೆಯೇ. ಆದರೆ ಎಷ್ಟು ಜನರ ಸಿಟ್ಟು ಅನ್ನುವುದನ್ನು ನೋಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಊರಲ್ಲೇ ನಡೆದ ಕಥೆ ಇದೆ.

ಎರಿಕ್ ಕ್ಯಾಂಟರ್ ನಮ್ಮ ಕ್ಷೇತ್ರದವರು. ಹತ್ತು ವರ್ಷದ ಹಿಂದೆ ಹೌಸ್‌ನಲ್ಲಿ ರಿಪಬ್ಲಿಕನ್ನರ ನಾಯಕ, ಸ್ಪೀಕರ್ ಬೇನರ್ ಬಿಟ್ಟರೆ ಅವರೇ. ಮುಂದಿನ ಸ್ಪೀಕರ್ ಅಂತಲೇ ಎಲ್ಲರ ಮಾತು. 2014ರ ಜೂನ್ 10ರಂದು ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಎದುರಿಗೆ ಡೇವ್ ಬ್ರಾಟ್, ಇಲ್ಲೇ ಆಶ್‌ಲ್ಯಾಂಡಿನ ರ‍್ಯಾಂಡಾಲ್ಫ್-ಮೇಕನ್ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು. ಅವರ ಹತ್ತಿರ ದುಡ್ಡಿಲ್ಲ, ಹೆಸರಿಲ್ಲ. ಕ್ಯಾಂಟರ್ ಪ್ರಚಾರದ ಲೆಕ್ಕದಲ್ಲಿ ಸ್ಟೀಕ್ ಹೋಟೆಲ್ಲುಗಳ ಬಿಲ್ಲೇ 1,68,000 ಡಾಲರ್ ದಾಟಿತ್ತು ಅಂತ ಆಮೇಲೆ ಪತ್ರಿಕೆಗಳು ನಕ್ಕವು. ಬ್ರಾಟ್ ಹಿಡಿದದ್ದು ಒಂದೇ ಮಾತು: ಕ್ಯಾಂಟರ್ ಆಮ್ನೆಸ್ಟಿ ಪರ. ರೇಡಿಯೊದ ಲಾರಾ ಇಂಗ್ರಹಾಂ ಬಂದು ಅದನ್ನೇ ಜೋರಾಗಿ ಹೇಳಿದರು.

ತಮಾಷೆ ಅಂದರೆ ಕ್ಯಾಂಟರ್ ಹಾಗೇನೂ ಮಾಡಿರಲಿಲ್ಲ. ಚಿಕ್ಕ ಮಕ್ಕಳಾಗಿ ಬಂದವರಿಗೆ ಏನಾದರೂ ದಾರಿ ಮಾಡಬೇಕು ಅಂತ ಆಗಾಗ ಅಂದಿದ್ದರು, ಅಷ್ಟೇ. ಸೆನೆಟ್ ಮಸೂದೆಯನ್ನು ಹೌಸ್‌ಗೆ ತರಲೇ ಇಲ್ಲ. ಪ್ರೈಮರಿ ಹತ್ತಿರ ಬಂದಾಗ "ಒಬಾಮಾ ಆಮ್ನೆಸ್ಟಿ ತಡೆದವನು ನಾನೇ" ಅಂತ ಮನೆಮನೆಗೆ ಕರಪತ್ರ ಕಳಿಸಿದರು. ನಮ್ಮ ಅಂಚೆ ಡಬ್ಬಿಗೂ ಬಂದಿತ್ತು. ವಲಸಿಗರ ಪರ ಇದ್ದವರು, ಮಸೂದೆ ತಡೆದಿದ್ದಕ್ಕೆ ಅವರ ವಿರುದ್ಧ ಪ್ರತಿಭಟನೆ ಮಾಡುತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಟ್ಟರೆ ಆಗುವುದು ಇದೇ.

ಅವತ್ತು ವೋಟು ಹಾಕಿದ್ದು ಸುಮಾರು 65 ಸಾವಿರ ಜನ. ಬ್ರಾಟ್‌ಗೆ 36 ಸಾವಿರ, ಕ್ಯಾಂಟರ್‌ಗೆ 29 ಸಾವಿರದ ಹತ್ತಿರ. 2012ರ ನವೆಂಬರಿನಲ್ಲಿ ಇದೇ ಕ್ಷೇತ್ರದಲ್ಲಿ ಕ್ಯಾಂಟರ್ ಒಬ್ಬರಿಗೇ 2 ಲಕ್ಷಕ್ಕಿಂತ ಜಾಸ್ತಿ ವೋಟು ಬಿದ್ದಿತ್ತು. ಅಂದರೆ ಒಂದು ಸಣ್ಣ ಊರಿನಷ್ಟು ಜನ, ಏಳು ಸಾವಿರದ ಅಂತರದಲ್ಲಿ, ಇಡೀ ದೇಶದ ವಲಸೆ ಕಾನೂನನ್ನು ಮುಗಿಸಿಬಿಟ್ಟರು. ಆ ತಿಂಗಳ ಕೊನೆಗೆ ಒಬಾಮಾ ಹೊರಗೆ ಬಂದು, ಈ ವರ್ಷ ಮಸೂದೆ ಮತಕ್ಕೆ ಬರಲ್ಲ ಅಂತ ಬೇನರ್ ತಿಳಿಸಿದ್ದಾರೆ ಎಂದರು.

ಸೋತದ್ದು ಬರೀ ವಲಸೆಯಿಂದಲ್ಲ ಅಂತ ಇಲ್ಲಿಯವರು ಈಗಲೂ ಹೇಳುತ್ತಾರೆ. ಮನುಷ್ಯ ಊರ ಕಡೆ ಮುಖ ಹಾಕುತ್ತಿರಲಿಲ್ಲ. ನನಗೂ ಹಾಗೇ ಅನಿಸುತ್ತದೆ. ಯಾಕೆ ಅಂದರೆ ಅದೇ ಜೂನ್ 10ರಂದು ಸೌತ್ ಕ್ಯಾರೊಲೈನಾದಲ್ಲೂ ಪ್ರೈಮರಿ ಇತ್ತು. ಆ ಮಸೂದೆ ಬರೆದ ಎಂಟು ಜನರಲ್ಲಿ ಒಬ್ಬರಾದ ಲಿಂಡ್ಸೆ ಗ್ರಹಾಂ, ತಾನು ಬರೆದದ್ದನ್ನು ಸಮರ್ಥಿಸಿಕೊಂಡೇ ನಿಂತರು. ಆರು ಜನ ಎದುರಾಳಿಗಳನ್ನು ಮೊದಲ ಸುತ್ತಿನಲ್ಲೇ ಸೋಲಿಸಿದರು. ವಾಷಿಂಗ್ಟನ್ನಿನಲ್ಲಿ ಗ್ರಹಾಂ ಗೆದ್ದದ್ದರಿಂದ ಯಾರೂ ಪಾಠ ಕಲಿಯಲಿಲ್ಲ. ಕ್ಯಾಂಟರ್ ಸೋತದ್ದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡರು. ಕುರ್ಚಿ ಉಳಿಸಿಕೊಳ್ಳುವವರಿಗೆ ಬೇರೆಯವರ ಸೋಲೇ ಜಾಸ್ತಿ ಕಾಣುವುದು.

ಕ್ಷಮಾದಾನ ಅಂದ ತಕ್ಷಣ ಕೋಪ ಬಂದವರು ಬರುವ ಪ್ರೈಮರಿಯಲ್ಲೇ ವೋಟು ಹಾಕುತ್ತಾರೆ. ಅದರಿಂದ ಬದುಕು ಹಸನಾದವರು ವೋಟು ಹಾಕಬೇಕಾದರೆ ಹತ್ತು ಹನ್ನೆರಡು ವರ್ಷ ಬೇಕು. ಎರಡು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುವ ಹೌಸ್ ಸದಸ್ಯನಿಗೆ ಹತ್ತು ವರ್ಷದ ಮೇಲಿನ ಕೃತಜ್ಞತೆ ತಗೊಂಡು ಏನಾಗಬೇಕು?

1986ರಲ್ಲಿ ಒಂದು ಸಲ ಇದು ನಡೆಯಿತು. ರೇಗನ್ ಕಾಲ. 1984ರ ಚರ್ಚೆಯಲ್ಲಿ ಮಾಂಡೇಲ್ ಎದುರು ನಿಂತು, ಇಲ್ಲೇ ಬೇರು ಬಿಟ್ಟವರಿಗೆ ಆಮ್ನೆಸ್ಟಿ ಕೊಡುವುದನ್ನು ನಾನು ಒಪ್ಪುತ್ತೇನೆ ಅಂತ ಅವರೇ ಹೇಳಿದ್ದರು. ಇವತ್ತು ಯಾವ ರಿಪಬ್ಲಿಕನ್ ಬಾಯಿಂದಲಾದರೂ ಆ ಮಾತು ಬರುತ್ತದಾ? 1986ರ ನವೆಂಬರ್ 4ರಂದು ಚುನಾವಣೆ ಮುಗಿಯಿತು, 6ರಂದು ರೇಗನ್ ಸಹಿ ಹಾಕಿದರು. 1982ರ ಜನವರಿ 1ಕ್ಕೂ ಮೊದಲು ಬಂದವರಿಗೆ ಮತ್ತು ಹೊಲ ತೋಟಗಳಲ್ಲಿ ದುಡಿದವರಿಗೆ ಅವಕಾಶ. ಒಟ್ಟು ಸುಮಾರು 27 ಲಕ್ಷ ಜನ ಸಕ್ರಮವಾದರು. ಮೊದಲು ತಾತ್ಕಾಲಿಕ ಪತ್ರ, ಆಮೇಲೆ ಗ್ರೀನ್ ಕಾರ್ಡ್, ಅದಾಗಿ ಐದು ವರ್ಷಕ್ಕೆ ಪೌರತ್ವ. ಅವರು ವೋಟಿನ ಹತ್ತಿರ ಬರುವಷ್ಟರಲ್ಲಿ 1994 ಆಗಿತ್ತು.

ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ರಿಪಬ್ಲಿಕನ್ ಗವರ್ನರ್ ಪೀಟ್ ವಿಲ್ಸನ್ ಮರುಚುನಾವಣೆಗೆ ನಿಂತಿದ್ದರು. ಅಕ್ರಮವಾಗಿ ಬಂದವರಿಗೆ ಸರ್ಕಾರಿ ಶಾಲೆ, ಆಸ್ಪತ್ರೆ ಬೇಡ ಅನ್ನುವ, ಜನರ ಮತಕ್ಕೆ ಹಾಕಿದ ಪ್ರೊಪೊಸಿಷನ್ 187 ಜೊತೆಗೆ ಕೈಜೋಡಿಸಿದರು. ವಿಲ್ಸನ್ ಗೆದ್ದರು. 187 ಕೂಡ ನೂರಕ್ಕೆ 59ರಷ್ಟು ಮತದಿಂದ ಗೆದ್ದಿತು. ಕೋರ್ಟು ಅದನ್ನು ಜಾರಿಗೆ ಬರಲು ಬಿಡಲಿಲ್ಲ, ಬೇರೆ ಮಾತು. ಆದರೆ ಗ್ರೀನ್ ಕಾರ್ಡ್ ಇಟ್ಟುಕೊಂಡು ಸುಮ್ಮನಿದ್ದವರೆಲ್ಲ ಹೆದರಿ ಪೌರತ್ವದ ಅರ್ಜಿ ಹಾಕತೊಡಗಿದರು. 1996ರ ಒಂದೇ ವರ್ಷ ದೇಶದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಜನ ಪ್ರಜೆಗಳಾದರು. ರೇಗನ್ ಅವರ ರಾಜ್ಯವಾದ ಕ್ಯಾಲಿಫೋರ್ನಿಯಾ 1988ರ ನಂತರ ಯಾವ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿಗೂ ಒಲಿದಿಲ್ಲ. ಕ್ಷಮಾದಾನ ಕೊಟ್ಟದ್ದಕ್ಕೇ ರಾಜ್ಯ ಕೈತಪ್ಪಿತು ಅಂತ ಆ ಪಕ್ಷದಲ್ಲಿ ಹೇಳುವವರಿದ್ದಾರೆ. ನನಗೆ ಇದು ತಲೆಕೆಳಗಾದ ಲೆಕ್ಕ ಅನಿಸುತ್ತದೆ. ಕೊಟ್ಟವರು ರೇಗನ್, ಹೆದರಿಸಿದವರು ವಿಲ್ಸನ್. ಜನ ನೆನಪಿಟ್ಟುಕೊಂಡದ್ದು ಹೆದರಿಸಿದ್ದನ್ನು.

ಈಗ ಬೈಡನ್ ಮಂಗಳವಾರ ಮಾಡಿದ್ದನ್ನು ಈ ಕಣ್ಣಿನಿಂದ ನೋಡಿ. ಕಾಗದಪತ್ರ ಇಲ್ಲದವರು ಕೋಟಿಗೂ ಮೀರಿ ಇದ್ದಾರೆ. ಅವರಲ್ಲಿ ಆರಿಸಿದ್ದು ಪ್ರಜೆಗಳನ್ನು ಮದುವೆಯಾದವರನ್ನು. ಆ 5 ಲಕ್ಷ ಜನ ಈ ನವೆಂಬರಿನಲ್ಲಿ ವೋಟು ಹಾಕಲಾರರು, ಆದರೆ ಅವರ ಗಂಡನೋ ಹೆಂಡತಿಯೋ ಹಾಕಬಹುದು. ಅತ್ತೆ, ಮಾವ, ನಾದಿನಿ ಕೂಡ. ಅರಿಜೋನಾ, ನೆವಾಡಾದಂಥ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಹತ್ತು ವರ್ಷ ಕಾಯದೆ ಕೃತಜ್ಞತೆಯ ವೋಟು ಪಡೆಯುವ ಉಪಾಯ. ಜಾಣತನವೇ. ಆದರೆ ಕಾನೂನಲ್ಲ, ಸರ್ಕಾರದ ಆದೇಶ. ಒಬಾಮಾ 2014ರ ನವೆಂಬರಿನಲ್ಲಿ ಪ್ರಜೆಗಳ ಅಪ್ಪ ಅಮ್ಮಂದಿರಿಗೆ ಇಂಥದ್ದೇ ತಂದಿದ್ದರು. ಟೆಕ್ಸಸ್ ಮುಂದಾಗಿ ಹಲವು ರಾಜ್ಯಗಳು ಕೋರ್ಟಿಗೆ ಹೋದವು. 2016ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು 4-4 ಆಗಿ ಒಡೆದು ಅದು ಅಲ್ಲಿಗೇ ನಿಂತಿತು. ಈ ಸಲವೂ ಯಾರಾದರೂ ಕೋರ್ಟಿಗೆ ಹೋಗದೆ ಇರುವುದಿಲ್ಲ.

ಪಿಕ್ನಿಕ್‌ನಲ್ಲಿ ಇನ್ನೊಬ್ಬರು ಇದ್ದರು, ಹೆಚ್ಚು ಮಾತಾಡಲಿಲ್ಲ. ಅವರ ಮಗಳು ಮೂರು ವರ್ಷದವಳಿದ್ದಾಗ ಬಂದವಳು, ಈ ಅಕ್ಟೋಬರಿಗೆ 21. ಅಪ್ಪನ ಸರದಿ ಬಂದಿಲ್ಲ, ಅಪ್ಪನ ವೀಸಾ ಜೊತೆಗೆ ಮಕ್ಕಳಿಗೆ ಸಿಗುವ ಅವಳ ಎಚ್-4 ಮುಗಿಯುತ್ತದೆ. ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಬೇಕು, ಓದು ಮುಗಿದ ಮೇಲೆ ಎಚ್-1ಬಿಗೆ ಲಾಟರಿ. ಮಕ್ಕಳಾಗಿ ಬಂದವರಿಗೆ ಅಂತ 2012ರಲ್ಲಿ ಒಬಾಮಾ ತಂದ ಡಾಕಾ, ಅಂದರೆ ಗಡೀಪಾರಿನಿಂದ ರಕ್ಷಣೆ, ಅವಳಿಗೆ ಇಲ್ಲ. ಆ ವರ್ಷದ ಜೂನ್ 15ರಂದು ಸಕ್ರಮ ವೀಸಾ ಇದ್ದವರು ಅದಕ್ಕೆ ಬರುವುದಿಲ್ಲ ಅಂತ ನಿಯಮ. ಇಂಥವರ ಸಂಖ್ಯೆ ಯಾವ ರಾಜ್ಯದ ಫಲಿತಾಂಶವನ್ನೂ ತಿರುಗಿಸುವಷ್ಟಿಲ್ಲ. ಅದಕ್ಕೇ ಎರಡೂ ಪಕ್ಷದವರು ತಲೆ ಕೆಡಿಸಿಕೊಂಡಿಲ್ಲ.

ಊಟ ಆದ ಮೇಲೆ ಆ ಹಿರಿಯರು ಇನ್ನೊಂದು ವಿಷಯ ಹೇಳಿದರು. ಮನೆಗೆ ಬಂದು ಹುಡುಕಿ ನೋಡಿದೆ, ಸರಿಯಾಗಿಯೇ ಇದೆ. 1929ರಿಂದ ಇಲ್ಲಿ ರಿಜಿಸ್ಟ್ರಿ ಅಂತ ಒಂದು ಕಾನೂನಿದೆ. ಇಂಥ ದಿನಕ್ಕೂ ಮೊದಲು ಬಂದು ಇಲ್ಲೇ ಇದ್ದವರು, ನಡತೆ ಸರಿಯಿದ್ದರೆ, ಗ್ರೀನ್ ಕಾರ್ಡ್ ಕೇಳಬಹುದು. ಆ ದಿನವನ್ನು 1940, 1958, 1965, 1986ರಲ್ಲಿ ಮುಂದಕ್ಕೆ ತಳ್ಳಿದರು. ಕೊನೆಗೆ ನಿಂತದ್ದು 1972ರ ಜನವರಿ 1ಕ್ಕೆ. ಅದು ಇವತ್ತಿಗೂ ಅಲ್ಲೇ ಇದೆ. ಕ್ಯಾಲಿಫೋರ್ನಿಯಾದ ಹೌಸ್ ಸದಸ್ಯೆ ಜೋ ಲಾಫ್‌ಗ್ರೆನ್ ಅದನ್ನು ಏಳು ವರ್ಷದ ವಾಸಕ್ಕೆ ಇಳಿಸುವ ಮಸೂದೆ ಮಂಡಿಸಿದ್ದಾರೆ. ಅದು ಅಲುಗಾಡಿಲ್ಲ.

ಬರುವ ಗುರುವಾರ ಅಟ್ಲಾಂಟಾದಲ್ಲಿ ಬೈಡನ್-ಟ್ರಂಪ್ ಚರ್ಚೆ. ಜೂನ್ 27. ಹನ್ನೊಂದು ವರ್ಷದ ಹಿಂದೆ ಸೆನೆಟ್‌ನಲ್ಲಿ 68 ವೋಟು ಬಿದ್ದದ್ದೂ ಇದೇ ತಾರೀಕಿಗೆ. ಗಡಿಯ ಪ್ರಶ್ನೆ ಖಂಡಿತ ಬರುತ್ತದೆ, ಇಬ್ಬರೂ ಜೋರಾಗಿಯೇ ಉತ್ತರಿಸುತ್ತಾರೆ. ಆ 1972ರ ಬಗ್ಗೆ ಯಾರೂ ಕೇಳುವುದಿಲ್ಲ ಅಂತ ಹಿರಿಯರು ಒಂದು ಕಾಫಿ ಬೆಟ್ ಕಟ್ಟಿದ್ದಾರೆ. ನಾನು ಒಪ್ಪಿಕೊಂಡಿಲ್ಲ, ಸೋಲುವ ಬೆಟ್ ಯಾಕೆ.