ಒಂಬತ್ತು ವರ್ಷದ ಕ್ಷೇತ್ರವನ್ನು ಹುಡುಕಿಕೊಂಡು

ಡಬ್ಲಿನ್‌ನ ಕಾನಲಿ ಸ್ಟೇಷನ್ನಿನಲ್ಲಿ ಸ್ಲೈಗೋ ರೈಲು ಹತ್ತಿದಾಗ ನನ್ನ ಬ್ಯಾಗಿನಲ್ಲಿದ್ದದ್ದು ಒಂದು ರೇನ್‌ಕೋಟು, ಎರಡು ಚಪಾತಿ ರೋಲು, ಒಂದು ಹಳೇ ಚುನಾವಣಾ ನಕ್ಷೆಯ ಪ್ರಿಂಟು. "ಎರಡು ದಿನ ರಜ ಸಿಕ್ಕಿದ್ರೆ ಜನ ಸಮುದ್ರ ನೋಡೋಕೆ ಹೋಗ್ತಾರೆ, ನೀನು ಈಗ ಇಲ್ಲದೇ ಇರೋ ಕ್ಷೇತ್ರ ನೋಡೋಕೆ ಹೊರಟಿದ್ದೀಯಲ್ಲೋ" ಅಂತ ರೂಮ್‌ಮೇಟ್ ನಕ್ಕಿದ್ದ. ಉತ್ತರ ಕೊಡುವುದು ಕಷ್ಟವೇ ಆಗಿತ್ತು.

ಕ್ಷೇತ್ರದ ಹೆಸರು ರಾಸ್‌ಕಾಮನ್–ದಕ್ಷಿಣ ಲೀಟ್ರಿಮ್. ಐರ್ಲೆಂಡಿನ ಕೆಳಮನೆ ಡಾಲ್‌ಗೆ ಮೂವರನ್ನು ಕಳಿಸುತ್ತಿತ್ತು. 2007ರ ಚುನಾವಣೆಗೆ ಹುಟ್ಟಿತು, 2016ರ ಚುನಾವಣೆ ಬರುವ ಹೊತ್ತಿಗೆ ಹೋಯಿತು. ಅದು ಕಂಡದ್ದು ಎರಡೇ ಎರಡು ಮಹಾಚುನಾವಣೆ, ಒಂದು ಉಪಚುನಾವಣೆ. ಆದರೂ ಇಡೀ ದೇಶ ಒಂದು ದಿನ ಅದರ ಕಡೆ ತಿರುಗಿ ನೋಡಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿಗೆ ಕ್ಯಾರಿಕ್-ಆನ್-ಶಾನನ್ ಬಂತು. ಇದು ಲೀಟ್ರಿಮ್ ಕೌಂಟಿಯ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯ, ಮುಖ್ಯ ಪಟ್ಟಣ. ಆದರೆ ಇದರ ರೈಲು ನಿಲ್ದಾಣ ಲೀಟ್ರಿಮ್‌ನಲ್ಲಿ ಇಲ್ಲ! ಶಾನನ್ ಹೊಳೆಯ ಈ ದಡ ರಾಸ್‌ಕಾಮನ್, ಆ ದಡ ಲೀಟ್ರಿಮ್. ರೈಲು ಇಳಿಸುವುದು ರಾಸ್‌ಕಾಮನ್ ದಡದಲ್ಲಿ. ಸೇತುವೆ ದಾಟಿದರೆ ಊರು. ಕೆಳಗೆ ಬಿಳಿ ಬಿಳಿ ಬಾಡಿಗೆ ದೋಣಿಗಳು ಸಾಲಾಗಿ ನಿಂತಿದ್ದವು. ಸೇತುವೆ ಮಧ್ಯೆ ನಿಂತು ನಕ್ಷೆ ಬಿಚ್ಚಿದೆ. ಒಂಬತ್ತು ವರ್ಷ ಈ ಎರಡು ದಡಗಳಿಗೂ ಒಂದೇ ಹೆಸರಿತ್ತು. ಆ ಹೆಸರಿನ ಒಂದು ಬೋರ್ಡೂ ಕಾಣಲಿಲ್ಲ. ಕ್ಷೇತ್ರಗಳಿಗೆ ಯಾರು ಬೋರ್ಡು ಹಾಕ್ತಾರೆ, ಅಲ್ವಾ?

ಉಳಿದುಕೊಂಡ ಮನೆಯ ಒಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾನು ಬಂದ ಕಾರಣ ಕೇಳಿ ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಕೆಟಲ್ ಒಲೆ ಮೇಲಿಟ್ಟು ಕೂತರು. "ಕ್ಷೇತ್ರ ಅಂತ ನಾವ್ಯಾರೂ ಅನ್ನುತ್ತಿರಲಿಲ್ಲ. ನಮ್ಮನ್ನು ಕತ್ತರಿಸಿದ್ದು ಅಂತಲೇ ಅನ್ನುತ್ತಿದ್ದೆವು" ಎಂದರು.

ಕತ್ತರಿಸಿದ್ದು ಹೀಗೆ. ಐರ್ಲೆಂಡಿನ ಸಂವಿಧಾನದ ಪ್ರಕಾರ 20,000ದಿಂದ 30,000 ಜನಕ್ಕೆ ಒಬ್ಬ ಟಿ.ಡಿ., ಅಂದರೆ ಡಾಲ್ ಸದಸ್ಯ, ಇರಬೇಕು. ಒಂದು ಕ್ಷೇತ್ರಕ್ಕೆ ಕಡಿಮೆ ಅಂದರೂ ಮೂರು ಸ್ಥಾನ ಇರಬೇಕು. 2006ರ ಜನಗಣತಿಯಲ್ಲಿ ಇಡೀ ಲೀಟ್ರಿಮ್ ಕೌಂಟಿಯ ಜನ 28,950. ಕಷ್ಟಪಟ್ಟರೆ ಒಬ್ಬ ಟಿ.ಡಿ.ಗೆ ಸಾಕು. ಹಾಗಾಗಿ ಲೀಟ್ರಿಮ್ ಯಾವಾಗಲೂ ಯಾರದೋ ಬಾಲ ಹಿಡಿಯಬೇಕು. 1937ರಿಂದ 1948ರವರೆಗೆ ಅದಕ್ಕೆ ತನ್ನದೇ ಕ್ಷೇತ್ರವಿತ್ತು. ಆಮೇಲೆ ಪಕ್ಕದ ಸ್ಲೈಗೋ ಕೌಂಟಿ ಜೊತೆ ಸೇರಿತು. 1969ರಲ್ಲಂತೂ ಸ್ಲೈಗೋ, ಡೊನೆಗಾಲ್, ರಾಸ್‌ಕಾಮನ್ ಮೂರೂ ಕಡೆ ಹಂಚಿಹೋಯಿತು. 2007ಕ್ಕೆ ಮತ್ತೆ ಎರಡು ಹೋಳು: ಉತ್ತರ ಭಾಗ ಸ್ಲೈಗೋಗೆ, ದಕ್ಷಿಣ ಭಾಗ ರಾಸ್‌ಕಾಮನ್‌ಗೆ.

ಎರಡೂ ಕಡೆ ಲೀಟ್ರಿಮ್‌ನವರು ಅಲ್ಪಸಂಖ್ಯಾತರಾದರು. ಆ ವರ್ಷ ಲೀಟ್ರಿಮ್‌ನ ಒಬ್ಬರೂ ಡಾಲ್‌ಗೆ ಹೋಗಲಿಲ್ಲ. ಈ ಕ್ಷೇತ್ರದಿಂದ ಗೆದ್ದ ಡೆನಿಸ್ ನಾಟನ್, ಫ್ರಾಂಕ್ ಫೀಹನ್, ಮೈಕಲ್ ಫಿನ್ನರನ್ ಮೂವರೂ ರಾಸ್‌ಕಾಮನ್‌ನವರೇ. "ಒಬ್ಬರೂ ಇಲ್ಲ. ಒಬ್ಬರೂ!" ಅಂತ ಒಡತಿ ಟೇಬಲ್ ಮೇಲೆ ಬೆರಳು ಕುಟ್ಟಿದರು. ಹೀಗಾಗುವುದಕ್ಕೆ ಇಲ್ಲಿನ ಮತ ಎಣಿಕೆಯೂ ಕಾರಣ ಅಲ್ಲ. ಅದು ನಮಗೂ ಗೊತ್ತಿರುವ ಪದ್ಧತಿಯೇ. ನಮ್ಮ ರಾಜ್ಯಸಭೆ ಚುನಾವಣೆ ದಿನ ಟಿ.ವಿ.ಯಲ್ಲಿ "ಮೊದಲ ಪ್ರಾಶಸ್ತ್ಯದ ಮತ, ಎರಡನೇ ಪ್ರಾಶಸ್ತ್ಯದ ಮತ" ಅಂತ ಲೆಕ್ಕ ಹಾಕುತ್ತಾ ಕೂರುತ್ತಾರಲ್ಲ, ಅದೇ. ನಮ್ಮಲ್ಲಿ ಶಾಸಕರು ಮಾತ್ರ ಹಾಕುವ ಆ ಮತವನ್ನು ಇಲ್ಲಿ ಹಾಲು ಮಾರುವವರೂ ಹಾಕುತ್ತಾರೆ. ಅಷ್ಟೆಲ್ಲ ಸೂಕ್ಷ್ಮ ಲೆಕ್ಕವಿದ್ದೂ, ಗೆರೆ ಎಳೆಯುವಾಗಲೇ ಸೋಲು ಬರೆದಾಗಿತ್ತು.

ಸಂಜೆ ಊರು ಸುತ್ತಿದೆ. ಕಾಸ್ಟೆಲೋ ಚಾಪೆಲ್ ಅಂತ ಒಂದು ಪುಟಾಣಿ ಗುಡಿ ಇದೆ. 16 ಅಡಿ ಉದ್ದ, 12 ಅಡಿ ಅಗಲ. ನಮ್ಮೂರ ಕಡೆ ದೇವರ ಕೋಣೆಗಳೇ ಇದಕ್ಕಿಂತ ದೊಡ್ಡವಿರುತ್ತವೆ. ಎಡ್ವರ್ಡ್ ಕಾಸ್ಟೆಲೋ ಎಂಬ ವ್ಯಾಪಾರಿ ತೀರಿಹೋದ ಹೆಂಡತಿಗಾಗಿ ಕಟ್ಟಿಸಿದ್ದು. ಒಳಗೆ ನಡೆಯುವ ಜಾಗದ ಎರಡೂ ಪಕ್ಕ ನೆಲದಲ್ಲಿ ದಪ್ಪ ಗಾಜು, ಗಾಜಿನ ಕೆಳಗೆ ಗಂಡ ಹೆಂಡತಿಯ ಶವಪೆಟ್ಟಿಗೆಗಳು. ಕಾಲು ಎಲ್ಲಿಡಬೇಕು ಅಂತ ತೋಚದೆ ಬಾಗಿಲಲ್ಲೇ ನಿಂತು ನೋಡಿ ಬಂದೆ.

ಮಾರನೇ ದಿನ ಸ್ಟ್ರೋಕ್ಸ್‌ಟೌನ್‌ಗೆ ಹೋಗಬೇಕಿತ್ತು. ಬಸ್ಸಿನ ವೇಳಾಪಟ್ಟಿಯಲ್ಲಿ ಭಾನುವಾರದ ಕಾಲಂ ಬಿಟ್ಟು ಪಕ್ಕದ್ದು ಓದಿದ್ದೆ. ನಲವತ್ತು ನಿಮಿಷ ಮಳೆಯಲ್ಲಿ ನಿಂತ ಮೇಲೆ ಬುದ್ಧಿ ಬಂತು. ವಾಪಸು ಬಂದವನ ಅವಸ್ಥೆ ನೋಡಿ ಒಡತಿಯೇ ಕಾರು ತೆಗೆದರು. "ನನಗೂ ಆ ಕಡೆ ಕೆಲಸ ಇದೆ" ಅಂದರು. ಏನೂ ಕೆಲಸ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸ್ಟ್ರೋಕ್ಸ್‌ಟೌನ್ ಸಣ್ಣ ಊರು, ಬೀದಿ ಮಾತ್ರ ರಾಜಬೀದಿಯಷ್ಟು ಅಗಲ. ಬೀದಿಯ ತುದಿಗೆ ಜಮೀನ್ದಾರರ ಬಂಗಲೆ. ಅದರ ಆವರಣದಲ್ಲೇ 1994ರಲ್ಲಿ ರಾಷ್ಟ್ರೀಯ ಕ್ಷಾಮ ಮ್ಯೂಸಿಯಂ ಶುರುವಾಯಿತು. 1847ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಸಾಯುತ್ತಿದ್ದಾಗ ಇಲ್ಲಿನ ಜಮೀನ್ದಾರ ಮೇಜರ್ ಡೆನಿಸ್ ಮಹನ್ 1,490 ಒಕ್ಕಲುಗಳನ್ನು ಡಬ್ಲಿನ್‌ವರೆಗೆ ನಡೆಸಿದ, ಅಲ್ಲಿಂದ ಲಿವರ್‌ಪೂಲ್ ಮೂಲಕ ಕೆನಡಾ ಹಡಗು ಹತ್ತಿಸಿದ. ಎಷ್ಟೋ ಜನ ದಾರಿಯಲ್ಲೇ ಸತ್ತರು. ಅದೇ ನವೆಂಬರಿನಲ್ಲಿ ಮಹನ್‌ನನ್ನು ಯಾರೋ ಗುಂಡಿಟ್ಟು ಕೊಂದರು. ಅವರು ನಡೆದ ದಾರಿ ಈಗ 165 ಕಿಲೋಮೀಟರಿನ ಕ್ಷಾಮ ಪಥ. ದಾರಿಯುದ್ದಕ್ಕೂ ಕಂಚಿನ ಪುಟ್ಟ ಬೂಟುಗಳನ್ನು ನೆಟ್ಟಿದ್ದಾರೆ. ಮಕ್ಕಳ ಬೂಟು. ನನ್ನ ಅಂಗೈಯಷ್ಟಿವೆ. ಒಂದರೊಳಗೆ ಮಳೆ ನೀರು ನಿಂತಿತ್ತು.

ಚುನಾವಣೆಯ ಊರು ಹುಡುಕಿಕೊಂಡು ಬಂದವನು ಕ್ಷಾಮದ ಮುಂದೆ ಯಾಕೆ ನಿಂತೆ ಅಂದರೆ, ಒಂದು ಸಂಖ್ಯೆಗಾಗಿ. 1841ರಲ್ಲಿ ಲೀಟ್ರಿಮ್‌ನ ಜನ 1,55,297. ಈಗಿನ ಲೆಕ್ಕದಲ್ಲಿ ಐದಾರು ಟಿ.ಡಿ.ಗಳಿಗೆ ಸಾಕಾಗುವಷ್ಟು. ಕ್ಷಾಮ ಒಂದಷ್ಟು ಜನರನ್ನು ನುಂಗಿತು, ಆಮೇಲಿನ ನೂರು ವರ್ಷ ಹಡಗುಗಳು ಉಳಿದವರನ್ನು ಹೊತ್ತುಕೊಂಡು ಹೋದವು. ಕ್ಷೇತ್ರಗಳ ಗಡಿ ಗುರುತಿಸುವ ಆಯೋಗದವರು ಲೀಟ್ರಿಮ್ ಮೇಲೆ ಗೆರೆ ಎಳೆದದ್ದು ದ್ವೇಷದಿಂದಲ್ಲ. ಎಣಿಸಲು ಜನ ಇರಲಿಲ್ಲ, ಅಷ್ಟೇ. ಇದನ್ನು ಒಡತಿಯ ಮುಂದೆ ಹೇಳಲು ಧೈರ್ಯ ಬರಲಿಲ್ಲ.

ವಾಪಸು ಬರುವಾಗ ರಸ್ತೆಯ ಎರಡೂ ಕಡೆ ಕಂದು ಬಣ್ಣದ ಜೌಗು ನೆಲ. ಅಲ್ಲಲ್ಲಿ ಟರ್ಫ್ ರಾಶಿ. ಜೌಗಿನ ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಹೊಗೆಯ ವಾಸನೆ ನಮ್ಮ ಬೆರಣಿಯದ್ದಕ್ಕೆ ಹತ್ತಿರ, ಅದಕ್ಕಿಂತ ಸ್ವಲ್ಪ ಸಿಹಿ. ಜೌಗು ಉಳಿಸಬೇಕು ಅಂತ ಯುರೋಪಿನ ಕಾನೂನು ಕೆಲವು ಕಡೆ ಟರ್ಫ್ ಕೊಯ್ಯುವುದನ್ನು ನಿಲ್ಲಿಸಿತು. ಆ ಸಿಟ್ಟು ನೇರ ಮತಪೆಟ್ಟಿಗೆಗೆ ಹೋಯಿತು. 2011ರಲ್ಲಿ ಕ್ಯಾಸಲ್‌ರೇಯ ಲ್ಯೂಕ್ 'ಮಿಂಗ್' ಫ್ಲಾನಗನ್ ಪಕ್ಷೇತರರಾಗಿ ಗೆದ್ದರು. 2014ರಲ್ಲಿ ಅವರು ಯುರೋಪಿಯನ್ ಪಾರ್ಲಿಮೆಂಟಿಗೆ ಹೋದಾಗ, ಅಕ್ಟೋಬರಿನ ಉಪಚುನಾವಣೆಯಲ್ಲಿ ಟರ್ಫ್ ಕೊಯ್ಯುವವರ ಸಂಘದ ಮೈಕಲ್ ಫಿಟ್ಜ್‌ಮಾರಿಸ್ ಗೆದ್ದರು. ಅದರ ಮಧ್ಯೆ 2011ರಲ್ಲೇ, ರಾಸ್‌ಕಾಮನ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ಮುಚ್ಚಲು ಹೊರಟಿದ್ದಕ್ಕೆ ನಾಟನ್ ಸ್ವಂತ ಸರ್ಕಾರದ ವಿರುದ್ಧವೇ ಮತ ಹಾಕಿ ಪಕ್ಷದಿಂದ ಹೊರಬಿದ್ದರು. ದೊಡ್ಡ ಪಕ್ಷಗಳಿಗೆ ಈ ಕ್ಷೇತ್ರ ಸುಮ್ನೆ ತಲೆನೋವು.

ಇಡೀ ದೇಶ ತಿರುಗಿ ನೋಡಿದ ಆ ದಿನ ಅಂದೆನಲ್ಲ. 2015ರ ಮೇ 22ರಂದು ಸಲಿಂಗಿಗಳ ಮದುವೆಗೆ ಒಪ್ಪಿಗೆ ಕೇಳಿ ಜನಮತ ನಡೆಯಿತು. ದೇಶದ ನೂರಕ್ಕೆ 62 ಮತ 'ಹೌದು'. 43 ಕ್ಷೇತ್ರಗಳ ಪೈಕಿ 42 'ಹೌದು'. 'ಇಲ್ಲ' ಅಂದದ್ದು ಇದೊಂದೇ. ಹಿಂದುಳಿದವರು ಅಂತ ಇವರನ್ನು ಜರಿದವರಿಗೆ ಕಡಿಮೆ ಇರಲಿಲ್ಲ. ಆದರೆ ಲೆಕ್ಕ ನೋಡಿ: 'ಹೌದು' 17,615, 'ಇಲ್ಲ' 18,644. ಅಂತರ 1,029. ಒಂದು ಮದುವೆ ಛತ್ರದಲ್ಲಿ ಕೂರುವಷ್ಟು ಜನ. ಗೆರೆ ಬೇರೆ ಕಡೆ ಬಿದ್ದಿದ್ದರೆ ಆ ಒಂಟಿ ಚುಕ್ಕೆ ನಕ್ಷೆಯಲ್ಲಿ ಇರುತ್ತಿತ್ತೋ ಇಲ್ಲವೋ ಅಂತ ನಾನಂದೆ. ಒಡತಿ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ನಾನು ಹೌದು ಅಂತ ಹಾಕಿದ್ದೆ. ನಮ್ಮಣ್ಣ ಇಲ್ಲ ಅಂತ. ಒಂದೇ ಕಾರಲ್ಲಿ ಹೋಗಿ ಹಾಕಿಬಂದ್ವಿ" ಎಂದರು.

ಮುಂದಿನ ವರ್ಷವೇ ಕ್ಷೇತ್ರ ಮುಗಿಯಿತು. ಲೀಟ್ರಿಮ್‌ನ ಎರಡೂ ಹೋಳುಗಳು ಸ್ಲೈಗೋ–ಲೀಟ್ರಿಮ್ ಅಂತ ಒಂದಾದವು. ರಾಸ್‌ಕಾಮನ್‌ಗೆ ಗಾಲ್ವೇ ಕೌಂಟಿಯ ಒಂದು ಭಾಗ ಅಂಟಿಕೊಂಡಿತು.

ಸಂಜೆ ರೈಲಿಗೆ ಬಿಡಲು ಬಂದವರು ಸೇತುವೆಯ ಈಚೆ ತುದಿಯಲ್ಲೇ ಕಾರು ನಿಲ್ಲಿಸಿದರು. "ಇಲ್ಲಿಂದಾಚೆ ರಾಸ್‌ಕಾಮನ್. ನಾನು ಬರಲ್ಲ, ನಡೆದು ಹೋಗಿ" ಅಂದರು. ಮುಖದಲ್ಲಿ ನಗು ಇರಲಿಲ್ಲ. ನಾನು ಬ್ಯಾಗು ಎತ್ತಿಕೊಂಡು ಬಾಗಿಲು ತೆಗೆದೆ. ಮಳೆ ಜೋರಾಗಿತ್ತು. "ಅಯ್ಯೋ, ಕೂತ್ಕೊಳ್ಳಿ" ಅಂತ ಗೇರು ಹಾಕಿದರು.