ಪೆನ್ಸಿಲ್ಲಿನ ಮತ

2022ರ ಮೇ 5. ಲಂಡನ್ನಿನ ಲ್ಯಾಂಬೆತ್ ಬರೋ (ನಗರದೊಳಗಿನ ಆಡಳಿತ ವಿಭಾಗ) ಕೌನ್ಸಿಲ್ ಚುನಾವಣೆ, ಇಲ್ಲಿ ನನ್ನ ಮೊದಲ ಮತ. ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವನೆಂದು ಹಕ್ಕು ಸಿಕ್ಕಿತ್ತು. ಗುರುತಿನ ಚೀಟಿಯನ್ನೂ ಕೇಳಲಿಲ್ಲ (ಆ ನಿಯಮ ಬಂದದ್ದು ಮರುವರ್ಷ). ಹೆಸರು, ವಿಳಾಸ ಹೇಳಿದೆ, ಮತಪತ್ರ ಕೊಟ್ಟರು. ದಾರ ಕಟ್ಟಿದ ಮೋಟು ಪೆನ್ಸಿಲ್ಲಿನಿಂದ ಗುಣಾಕಾರದ ಗುರುತು ಹಾಕಬೇಕು. ಪೆನ್ಸಿಲ್ಲೇ! ಯಾರಾದರೂ ಅಳಿಸಿಬಿಟ್ಟರೆ ಎಂದು ನನ್ನೊಳಗಿನ ಮಂಡ್ಯದವನು ಗಾಬರಿಯಾದ. ಅಭ್ಯರ್ಥಿಗಳ ಕರಪತ್ರಗಳ ತುಂಬ ಕಸ, ರಸ್ತೆ ಗುಂಡಿ, ಪಾರ್ಕಿಂಗ್: ಥೇಟ್ ನಮ್ಮೂರ ನಗರಸಭೆಯದೇ ಮಾತು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಇರುವುದೂ ಇದೇ ಬರೋದಲ್ಲಿ. ಹೊರಬಂದು ಅಭ್ಯಾಸಬಲದಿಂದ ಎಡಗೈಯ ತೋರುಬೆರಳನ್ನು ನೋಡಿಕೊಂಡೆ. ಮೈಸೂರಿನ ಶಾಯಿಯಿಲ್ಲದ ಬೆರಳು. ಮತ ಹಾಕಿದೆನೆಂದು ಹೆಂಡತಿಯೂ ನಂಬಲಿಲ್ಲ.